ಆಫ್ರಿಕಾದ ಕಾದಂಬರಿ ಮತ್ತು ಬಿಸಿಬೇಳೆಬಾತಿನ ಕ್ಯೂ

ಡೆಟ್ರಾಯಿಟ್ ಹತ್ತಿರದ ಒಂದು ಕಾಲೇಜಿನಲ್ಲಿ ನಾನು ಆಫ್ರಿಕಾದ ಕಾದಂಬರಿಗಳನ್ನು ಪಾಠ ಮಾಡ್ತೀನಿ. ಇಷ್ಟು ಹೇಳಿದರೆ ಸಾಕು, ನಮ್ಮ ಕನ್ನಡದ ಜನಕ್ಕೆ ಏನೋ ಆಗಿಬಿಡುತ್ತೆ. ಹಾರ್ಟ್ ಸರ್ಜನ್ನಾಗಲಿ, ಕಾರು ಡಿಸೈನ್ ಮಾಡೋ ಇಂಜಿನಿಯರಾಗಲಿ, ಮೊದಲು ಕಣ್ಣು ಕಣ್ಣು ಬಿಡ್ತಾರೆ. ಆಮೇಲೆ ಬಾಯಿ ಬಿಡ್ತಾರೆ. ನನ್ನ ಬಿ.ಪಿ. ಏರೋದು ಆಗಲೇ. ಬ್ರಿಟಿಷರು ನಮ್ಮನ್ನು ದೋಚಿದರು ಅಂತ ಪ್ರತಿ ಪಾರ್ಟಿಯಲ್ಲೂ ಕೂಗಾಡೋ ಇದೇ ಜನ, ಅವರ ಕೈಗೇ ಸಿಕ್ಕು ನಲುಗಿದ ಇನ್ನೊಬ್ಬರ ಕಥೆ ಅಂದರೆ ಆಕಳಿಸ್ತಾರೆ. ಮೈ ಉರಿಯುತ್ತೆ ನನಗೆ.

ಸಫಾರಿ ಅಂಕಲ್

ಡೆಟ್ರಾಯಿಟ್ ಪಕ್ಕದ ವಿಕ್ಸಮ್‌ನಲ್ಲಿ ಒಬ್ಬರ ಮನೆ ಗೃಹಪ್ರವೇಶ. ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಡಾಕ್ಟರ್ ಅಂಕಲ್ ಕೇಸರಿಬಾತ್ ತಿನ್ನುತ್ತಾ, “ಆಫ್ರಿಕಾದಲ್ಲಿ ಸಾಹಿತ್ಯ ಎಲ್ಲಿದೆಯಮ್ಮಾ? ನಾವೇ ಹೋಗಿ ಬಂದ್ವಲ್ಲ. ಸಿಂಹ ನೋಡಿದ್ವಿ, ಜಿರಾಫೆ ನೋಡಿದ್ವಿ. ಬರೆಯೋರು ಯಾರೂ ಕಾಣಲಿಲ್ಲ” ಅಂದರು.

ನನಗೆ ತಡೆಯಲಾಗಲಿಲ್ಲ. “ಅಂಕಲ್, ಯಾರೋ ಬಂಡೀಪುರದಲ್ಲಿ ಜೀಪಲ್ಲಿ ಒಂದು ರೌಂಡ್ ಹೊಡೆದು, ಕನ್ನಡದಲ್ಲಿ ಸಾಹಿತಿಗಳೇ ಇಲ್ಲ ಅಂದ್ರೆ ನಿಮಗೆ ಕೋಪ ಬರಲ್ವಾ?”

ಅಂಕಲ್ ಚಮಚ ಕೆಳಗಿಟ್ಟು ಗಂಭೀರವಾಗಿ ಯೋಚಿಸಿದರು. ತಟ್ಟಿತು ಅಂದುಕೊಂಡೆ.

“ಬಂಡೀಪುರದಲ್ಲಿ ನಮಗೆ ಹುಲಿನೂ ಕಾಣಲಿಲ್ಲ ಬಿಡಮ್ಮ” ಅಂದರು.

ಪಾಸಿಟಿವ್ ಶೋಷಣೆ

ನನ್ನ ಜೊತೆ ಪಾಠ ಮಾಡೋ ಗೆಳತಿಯೊಬ್ಬಳಿದ್ದಾಳೆ. ಕೀನ್ಯಾದವಳು, ಕಾದಂಬರಿ ಬರೆದಿದ್ದಾಳೆ. ಅವಳಜ್ಜಿ ಬಿಳಿಯರ ಟೀ ಎಸ್ಟೇಟಿನಲ್ಲಿ ಎಲೆ ಕೀಳುತ್ತಿದ್ದಳು. ಎಸ್ಟೇಟಿನ ಪಕ್ಕ ಒಬ್ಬ ಇಂಡಿಯನ್ ವ್ಯಾಪಾರಿಯ ಅಂಗಡಿ. ಕಪ್ಪು ಜನ ಒಳಗೆ ಕಾಲಿಡೋ ಹಾಗಿಲ್ಲ, ಹಿಂದಿನ ಕಿಟಕಿ ಹತ್ತಿರ ನಿಂತು ಉಪ್ಪು, ಸೋಪು ಈಸಿಕೊಳ್ಳಬೇಕು. ಕಾದಂಬರಿಯ ಒಂದು ಅಧ್ಯಾಯ ಪೂರ್ತಿ ಅದೇ.

“ಇದನ್ನ ಒಂದೇ ಒಂದು ಸಲ ಇಂಡಿಯನ್ನರ ಮುಂದೆ ಓದಬೇಕು ಕಣೇ” ಅಂತ ಅವಳು ಯಾವಾಗಲೂ ಹೇಳ್ತಿದ್ದಳು. “ಅಮೆರಿಕನ್ನರು ಚಪ್ಪಾಳೆ ಹೊಡೆದು ಮನೆಗೆ ಹೋಗ್ತಾರೆ. ಕೇಳಬೇಕಾಗಿರೋದು ನಿಮ್ಮೋರು.”

ಅಷ್ಟರಲ್ಲಿ ಶಿಕಾಗೋ ಕಡೆಯ ಒಂದು ಕನ್ನಡ ಸಂಘದ ಸೆಕ್ರೆಟರಿ ಫೋನ್ ಮಾಡಿ, ‘ಸಾಹಿತ್ಯ ಮತ್ತು ನ್ಯಾಯ’ ಅಂತ ಕಾರ್ಯಕ್ರಮ ಇದೆ, ಯಾರನ್ನಾದರೂ ಕರ್ಕೊಂಡು ಬನ್ನಿ ಅಂದರು. ಕುಣಿದಾಡಿಬಿಟ್ಟೆ. ಗೆಳತಿಯ ಹೆಸರು ಕೊಟ್ಟೆ, ಅಧ್ಯಾಯದ ವಿಷಯನೂ ಹೇಳಿದೆ. ಸೆಕ್ರೆಟರಿ ದನಿ ತಗ್ಗಿಸಿದರು.

“ಮೇಡಂ, ಬ್ರಿಟಿಷರನ್ನ ಎಷ್ಟು ಬೇಕಾದ್ರೂ ಬೈಲಿ. ನಮ್ಮೋರ ಅಂಗಡಿ ವಿಷಯ ಸ್ವಲ್ಪ...”

“ಅಧ್ಯಾಯನೇ ಅಂಗಡಿದು ಸಾರ್!”

“ಹಾಗಾದ್ರೆ ಶೋಷಣೆನೇ ಸ್ವಲ್ಪ ಪಾಸಿಟಿವ್ ಆಗಿ ಹೇಳಕ್ಕೆ ಹೇಳಿ ಮೇಡಂ. ಫ್ಯಾಮಿಲಿಗಳು ಬಂದಿರ್ತಾರೆ.”

ಎದುರಿನ ಬಾಗಿಲು

ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್ ಅನ್ನೋ ಊರಿನ ಹಾಲ್ ತಲುಪೋ ಹೊತ್ತಿಗೆ ಡ್ರೈವ್ ಮಾಡಿ ಮಾಡಿ ನನ್ನ ಸೊಂಟ ಬಿದ್ದುಹೋಗಿತ್ತು. ಗೆಳತಿಯನ್ನು ಬಾಗಿಲ ಹತ್ತಿರ ಇಳಿಸಿ ಕಾರು ಪಾರ್ಕ್ ಮಾಡಿ ಬರ್ತೀನಿ, ರೇಷ್ಮೆ ಸೀರೆಯ ಆಂಟಿಯೊಬ್ಬರು ಅವಳನ್ನು ಹೊರಗೇ ನಿಲ್ಲಿಸಿಕೊಂಡಿದ್ದಾರೆ. “ಕ್ಯಾಟರಿಂಗ್ ಹಿಂದಿನ ಬಾಗಿಲು, ಹಿಂದಿನ ಬಾಗಿಲು” ಅಂತ ಕೈಸನ್ನೆ ಬೇರೆ.

“ಆಂಟಿ, ಇವರು ಇವತ್ತಿನ ಚೀಫ್ ಗೆಸ್ಟ್!” ಅಂತ ಕಿರುಚಿದೆ.

ಆಂಟಿ ಒಂದು ಚೂರೂ ಅಳುಕಲಿಲ್ಲ. “ಅಯ್ಯೋ, ಮೊದಲೇ ಹೇಳಬಾರದಾ? ಕುಂಕುಮ ಹಚ್ಚಿ ಕರ್ಕೋತಿದ್ದೆ” ಅಂದವರೇ ಕುಂಕುಮ ಹಚ್ಚಿ, ರೋಸ್‌ವಾಟರ್ ಚಿಮುಕಿಸಿದರು.

ಗೆಳತಿ ಮುಖ ಒರೆಸಿಕೊಳ್ಳುತ್ತಾ ನನ್ನ ಕಿವಿಯಲ್ಲಿ, “ನಾನಿನ್ನೂ ಓದೇ ಇಲ್ಲ. ಆಗಲೇ ಆ್ಯಕ್ಟ್ ಮಾಡಿ ತೋರಿಸ್ತಿದಾರಲ್ಲೇ!” ಅಂದಳು.

ಸನ್ಮಾನ

ಕಾರ್ಯಕ್ರಮ ಶುರುವಾಯಿತು. ಪ್ರಾರ್ಥನೆ, ದೀಪ, ಸ್ವಾಗತ, ಅಧ್ಯಕ್ಷರ ನುಡಿ, ಮಾಜಿ ಅಧ್ಯಕ್ಷರ ನುಡಿ, ಸ್ಪಾನ್ಸರುಗಳ ನುಡಿ. ಆಮೇಲೆ ಅತಿಥಿಗೆ ಸನ್ಮಾನ. ಗಂಧದ ಹಾರ ಹಾಕಿದರು, ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಕಮಿಟಿ ಜೊತೆ ಒಂದು ಫೋಟೋ, ಹೆಂಗಸರ ಜೊತೆ ಒಂದು, ಕಣ್ಣು ಮುಚ್ಚಿದವರಿಗೋಸ್ಕರ ಮತ್ತೊಂದು. ಗೆಳತಿ ಪುಸ್ತಕ ಬಿಚ್ಚಿ ಮೈಕ್ ಹತ್ತಿರ ಹೋದಳು. ಸೆಕ್ರೆಟರಿ ಓಡಿಬಂದು ಮೈಕ್ ಕಿತ್ತುಕೊಂಡು, “ಸಮಯದ ಅಭಾವದಿಂದ ಈಗ ನೇರವಾಗಿ ಊಟ” ಅಂತ ಘೋಷಿಸಿದರು.

ನನ್ನ ಪಿತ್ತ ನೆತ್ತಿಗೇರಿತು. ಸಮಯದ ಅಭಾವವಂತೆ! ಬಾಯಿ ತೆರೆಯೋಕೆ ಬಿಡದೆ ಕಳಿಸೋಕೆ ಇವಳನ್ನು ಇಷ್ಟು ದೂರ ಕರೆಸಬೇಕಿತ್ತಾ? ಅವಳು ಪೇಟದ ಕೆಳಗೆ ಕಣ್ಣೀರು ತಡೆದುಕೊಂಡು ನಿಂತಿದ್ದಳು. ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಊಟದ ಟೇಬಲ್ ಪಕ್ಕ ನಿಲ್ಲಿಸಿದೆ. “ಇಲ್ಲೇ ಓದು. ನಮ್ಮ ಜನ ಯಾವ ಭಾಷಣದಿಂದ ಬೇಕಾದ್ರೂ ಎದ್ದು ಹೋಗ್ತಾರೆ. ಬಿಸಿಬೇಳೆಬಾತಿನ ಕ್ಯೂ ಮಾತ್ರ ಬಿಡಲ್ಲ.”

ಪೇಟ, ಶಾಲು, ಹಾರ ಸಮೇತ ಅವಳು ಜೋರಾಗಿ ಓದತೊಡಗಿದಳು. ಖಾಲಿ ತಟ್ಟೆ ಹಿಡಿದು ಇಡೀ ಹಾಲ್ ನಿಂತಿತ್ತು. ಮೊದಮೊದಲು ಪಿಸುಪಿಸು. ಅಂಗಡಿಯ ಕಿಟಕಿ ಬಂದಾಗ ತಟ್ಟೆ ಸದ್ದೂ ನಿಂತಿತು.

ಕ್ಯೂನ ಮುಂದಿದ್ದವರು ಸೆಕ್ರೆಟರಿಯ ತಾಯಿ, ಮೈಸೂರಿಂದ ಬಂದಿದ್ದ ಅಜ್ಜಿ. ಇಂಗ್ಲಿಷ್ ಬಾರದು. “ಏನಂತಮ್ಮಾ?” ಅಂದರು ನನಗೆ.

“ಅಂಗಡಿಯೋನು ಇವಳ ಅಜ್ಜಿನ ಒಳಗೆ ಬಿಟ್ಕೊಳ್ತಿರಲಿಲ್ಲವಂತೆ. ಹಿಂದಿನ ಕಿಟಕೀಲಿ ಸಾಮಾನು ಕೊಡ್ತಿದ್ದನಂತೆ.”

“ಯಾರವನು ಮನೆಹಾಳ, ಬಿಳಿಯೋನಾ?”

“ಇಲ್ಲ ಅಜ್ಜಿ. ನಮ್ಮೋನು.”

ಅಜ್ಜಿ ತಟ್ಟೆ ಟೇಬಲ್ ಮೇಲಿಟ್ಟರು. “ಥೂ! ಇದನ್ನ ಸ್ಟೇಜ್ ಮೇಲೆ ಯಾಕೆ ಹೇಳಿಸಲಿಲ್ಲ?”

ನಾನು ಸೆಕ್ರೆಟರಿ ಕಡೆ ನೋಡಿದೆ ಅಷ್ಟೆ. ಅಜ್ಜಿನೂ ಮಗನ ಕಡೆ ತಿರುಗಿದರು. ಆ ಸ್ವರ ಮೈಕ್ ಇಲ್ಲದೆಯೇ ಕ್ಯೂನ ಕೊನೆವರೆಗೂ ಮುಟ್ಟಿತು:

“ಲೋ, ಪೇಟ ತಲೆಗೆ ಕಟ್ಟೋದು ಕಣೋ, ಬಾಯಿಗಲ್ಲ!”