ಪೂಜೆಗೆ ಕೂತ ಮಾತ್ರೆ

ಡಾಕ್ಟರ್ ಸುಶ್ರುತ ಏನಾದರೂ ತಪ್ಪು ಮಾಡಿದ್ದರೆ ಅವರನ್ನು ಬಯ್ದುಕೊಂಡಾದರೂ ಚಿದಾನಂದರು ಸಮಾಧಾನ ಪಡಬಹುದಿತ್ತು. ಆದರೆ ಆ ಹುಡುಗ ಡಾಕ್ಟರು ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದರು. "ಬಿಪಿ ಮಾತ್ರೆನೂ ಹೊಸ ಚಪ್ಪಲಿ ಥರಾನೇ ಅಂಕಲ್. ಹಾಕ್ಕೊಂಡು ನಡೆದ ಮೇಲೇ ಎಲ್ಲಿ ಕಚ್ಚುತ್ತೆ ಅಂತ ಗೊತ್ತಾಗೋದು. ನಿಮಗೆ ಒಗ್ಗೋದು ಸಿಗೋವರೆಗೂ ಸ್ವಲ್ಪ ಹುಡುಕಬೇಕು."

ಹುಡುಕಾಟ ನಡೆದೇ ಇತ್ತು. ಮೊದಲನೆಯ ಮಾತ್ರೆಗೆ ಪಾದ ಊದಿಕೊಂಡು, ಚಿದಾನಂದರು ಮಗ ಬಿಟ್ಟುಹೋಗಿದ್ದ ದೊಡ್ಡ ಚಪ್ಪಲಿ ಹಾಕಿಕೊಂಡು ಬ್ಯಾಂಕಿಗೆ ಹೋಗಿಬರಬೇಕಾಯಿತು. ಎರಡನೆಯದಕ್ಕೆ ಒಣಕೆಮ್ಮು ಹಿಡಿಯಿತು. ಯಡಿಯೂರು ಕೆರೆ ಸುತ್ತ ವಾಕಿಂಗ್ ಮಾಡುವವರು ಅವರನ್ನು ಕಣ್ಣಿನಿಂದಲ್ಲ, ಕಿವಿಯಿಂದಲೇ ಗುರುತಿಸತೊಡಗಿದರು. ಮೂರನೆಯದು ನೀರಿನ ಮಾತ್ರೆ. ಅದಕ್ಕೆ ಬಿಪಿ ವಿಧೇಯ ವಿದ್ಯಾರ್ಥಿಯ ಹಾಗೆ ಇಳಿಯಿತು, ಆದರೆ ಬೆಳಗಿನ ಹೊತ್ತು ಚಿದಾನಂದರು ಮನೆಯ ಬಚ್ಚಲಿನಿಂದ ಹೆಚ್ಚು ದೂರ ಹೋಗುವ ಹಾಗಿರಲಿಲ್ಲ. ಬನಶಂಕರಿಗೆ ಹೋಗುವ ದಾರಿಯಲ್ಲಿ ಕಾಫಿ ಕುಡಿಯದಿದ್ದರೂ ಒಳಗೆ ಬಿಡುವ ಹೋಟೆಲುಗಳು ಯಾವುವು ಎನ್ನುವುದು ಅವರಿಗೆ ಬಾಯಿಪಾಠವಾಗಿತ್ತು.

ಇಂಥ ಸ್ಥಿತಿಯಲ್ಲಿ ಜೆ.ಪಿ. ನಗರದ ಅವರ ಬಡಾವಣೆಯ ನಿವಾಸಿಗಳ ಸಂಘದ ಸತ್ಯನಾರಾಯಣ ಪೂಜೆ ಬಂತು. ಯಜಮಾನರಾಗಿ ಕೂರುವ ಭಾಗ್ಯ ಈ ಸಲ ಚಿದಾನಂದ ದಂಪತಿಗೆ ಬಂದಿತ್ತು. ಆ ಸಂಘದಲ್ಲಿ ಒಂದು ಪದ್ಧತಿ ಇತ್ತು. ಪೂಜೆಗೆ ಕೂತವರೇ, ಪೂಜೆ ಮುಗಿದ ಮೇಲೆ ನಡೆಯುವ ಸಭೆಯಲ್ಲಿ ಸಂಘದ ಅಧ್ಯಕ್ಷರಾಗುವುದು. ಚುನಾವಣೆ ಗಿನಾವಣೆ ಏನಿಲ್ಲ, ಒಬ್ಬರು ಸೂಚಿಸುವುದು, ಉಳಿದವರು ಚಪ್ಪಾಳೆ ತಟ್ಟಿ ಊಟಕ್ಕೆ ಏಳುವುದು.

ಚಿದಾನಂದರಿಗೆ ಈ ಅಧ್ಯಕ್ಷಗಿರಿ ಬೇಕಿತ್ತು. ಬಹಳ ಬೇಕಿತ್ತು. ಕಚೇರಿಯಲ್ಲಿದ್ದಾಗ ಅವರ ಸಹಿಗಾಗಿ ಜನ ಬಾಗಿಲಲ್ಲಿ ಕಾಯುತ್ತಿದ್ದರು. ನಿವೃತ್ತರಾದ ಮೇಲೆ ಅವರ ಸಹಿ ಕೇಳುವವನು ಕೊರಿಯರ್‌ನವನು ಒಬ್ಬನೇ. ಪಾರ್ಕಿನ ಗೇಟಿನ ಬೋರ್ಡಿನಲ್ಲಿ 'ಅಧ್ಯಕ್ಷರು' ಎಂಬುದರ ಮುಂದೆ ತಮ್ಮ ಹೆಸರು ಕಾಣಬೇಕೆಂಬ ಆಸೆಯನ್ನು ಅವರು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಹೇಳದೆಯೂ ಚೂಡಾಮಣಿಗೆ ಗೊತ್ತಿತ್ತು.

ಪೂಜೆಯ ದಿನ ಬೆಳಿಗ್ಗೆ ಚಿದಾನಂದರು ಮಡಿ ಪಂಚೆ ಉಟ್ಟು ಊಟದ ಮೇಜಿನ ಮುಂದೆ ಕೂತು ಯೋಚನೆಗೆ ಬಿದ್ದಿದ್ದರು. ಎದುರಿಗೆ ಮೂರೂ ಮಾತ್ರೆಗಳ ಸ್ಟ್ರಿಪ್ಪುಗಳಿದ್ದವು. ತಂದದ್ದನ್ನು ಎಸೆಯುವ ಅಭ್ಯಾಸ ಆ ಮನೆಯಲ್ಲಿರಲಿಲ್ಲ.

"ನೀರಿನ ಮಾತ್ರೆ ತಗೊಂಡ್ರೆ ಕೂರಕ್ಕಾಗಲ್ಲ. ಕೆಮ್ಮಿನದು ತಗೊಂಡ್ರೆ ಶಾಸ್ತ್ರಿಗಳ ಮಂತ್ರ ಯಾರಿಗೂ ಕೇಳ್ಸಲ್ಲ. ಊತದ್ದು ತಗೊಂಡ್ರೆ ಚಕ್ಕಳಮಕ್ಕಳ ಹಾಕಕ್ಕಾಗಲ್ಲ. ಏನೂ ತಗೊಳ್ದಿದ್ರೆ ಹೋಮದ ಹೊಗೆಗೆ ತಲೆ ಸುತ್ತಿ ಬಿದ್ದರೆ?"

"ಸತ್ಯನಾರಾಯಣ ಪೂಜೇಲಿ ಹೋಮ ಎಲ್ರೀ ಇರುತ್ತೆ?" ಎಂದಳು ಚೂಡಾಮಣಿ, ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತಾ. "ಡಾಕ್ಟರಿಗೇ ಫೋನ್ ಮಾಡಿ ಕೇಳಬಾರದಾ?"

"ಮಾಡ್ದೆ. ರೌಂಡ್ಸಲ್ಲಿದ್ದಾರಂತೆ. ಆಮೇಲೆ ಮಾಡ್ತಾರಂತೆ."

ಆ ಹೊತ್ತಿಗೆ ಪಕ್ಕದ ಮನೆಯ ಶ್ರೀದೇವಿ ದೊಡ್ಡ ಚೊಂಬೊಂದನ್ನು ಹಿಡಿದು ಬಂದರು. ಬಡಾವಣೆಯಲ್ಲಿ ಯಾರಿಗೆ ಏನು ಕಾಯಿಲೆ ಬಂದರೂ ಅದು ಮೊದಲು ಶ್ರೀದೇವಿಯ ತವರಿನಲ್ಲಿ ಯಾರಿಗಾದರೂ ಬಂದು ವಾಸಿಯಾಗಿರುತ್ತಿತ್ತು.

"ಅಂಕಲ್, ಮಾತ್ರೆ ಗೀತ್ರೆ ಇಡಿ ಅತ್ಲಾಗೆ. ಬಾರ್ಲಿ ನೀರು ತಂದಿದೀನಿ. ನಮ್ಮಣ್ಣಂಗೆ ಇದ್ರಲ್ಲೇ ಬಿಪಿ ನಾರ್ಮಲ್ಲಾಗಿದ್ದು. ಪೂರ್ತಿ ಕುಡೀಬೇಕು, ಬಿಡೋ ಹಾಗಿಲ್ಲ."

ನಿಂತು ನೋಡುವವರ ಮುಂದೆ ಬೇಡವೆನ್ನುವುದು ಹೇಗೆ? ಚಿದಾನಂದರು ಕುಡಿದರು. ಬಾರ್ಲಿ ನೀರೇ ಒಂದು ನೀರಿನ ಮಾತ್ರೆಯ ಕೆಲಸ ಮಾಡುತ್ತದೆಂಬುದು ಅವರಿಗೆ ಹೊಳೆದದ್ದು ಚೊಂಬು ಖಾಲಿಯಾದ ಮೇಲೆ.

ಹಿಂದೆಯೇ ವಾಕಿಂಗ್ ಗೆಳೆಯ ತಿಪ್ಪಣ್ಣ ಬಂದರು. ಸ್ಟ್ರಿಪ್ಪುಗಳನ್ನು ಕಂಡವರೇ ಕನ್ನಡಕ ಏರಿಸಿದರು. "ಲೋ ಚಿದಾನಂದ, ಇದ್ರಲ್ಲಿ ನಾನು ತಗೊಳ್ಳೋದು ಯಾವುದು ಹೇಳ್ತೀನಿ ಇರು. ಸೈಜ್ ನೋಡಿದ್ರೆ ಗೊತ್ತಾಗುತ್ತೆ" ಎನ್ನುತ್ತಾ ಒಂದೊಂದು ಸ್ಟ್ರಿಪ್ಪಿನಿಂದ ಒಂದೊಂದು ಮಾತ್ರೆ ಒತ್ತಿ ತಟ್ಟೆಗೆ ಹಾಕಿದರು. ಮೂರೂ ಬಿಳಿ, ಮೂರೂ ಗುಂಡಗೆ, ಮೂರೂ ಒಂದೇ ಅಳತೆ.

"ಯಾವುದು ಯಾವುದೋ?" ಎಂದು ಚಿದಾನಂದರು ಗಾಬರಿಯಾದರು.

"ಅದೇ ನೋಡ್ತಿದೀನಿ" ಎಂದರು ತಿಪ್ಪಣ್ಣ, ತಟ್ಟೆಯನ್ನು ಬೆಳಕಿನ ಕಡೆ ತಿರುಗಿಸುತ್ತಾ. ತಿರುಗಿಸಿದ್ದರಿಂದ ಮಾತ್ರೆಗಳು ಜಾಗ ಬದಲಾಯಿಸಿ ಇನ್ನಷ್ಟು ಕಲೆತುಹೋದವು.

ಹೊರಗಿನಿಂದ ಯಾರೋ "ಯಜಮಾನರು ಬರಬೇಕಂತೆ, ಶಾಸ್ತ್ರಿಗಳು ಕಾಯ್ತಿದಾರೆ" ಎಂದು ಕೂಗಿದರು. ಗಡಿಬಿಡಿಯಲ್ಲಿ ಚಿದಾನಂದರು ದೇವರ ಮೇಲೆ ಭಾರ ಹಾಕಿ ಕೈಗೆ ಸಿಕ್ಕಿದ ಒಂದು ಮಾತ್ರೆಯನ್ನು ನುಂಗಿಬಿಟ್ಟರು. ಉಳಿದೆರಡನ್ನು ಚೂಡಾಮಣಿ ಹೂವಿನ ತೊಟ್ಟುಗಳ ಜೊತೆ ಗುಡಿಸಿ ಕಸದ ಬುಟ್ಟಿಗೆ ಹಾಕಿದಳು. ನುಂಗಿದ್ದು ಯಾವುದೆಂದು ಹೇಳಬಲ್ಲ ಸಾಕ್ಷಿ ಈಗ ಚಿದಾನಂದರ ಹೊಟ್ಟೆಯಲ್ಲಿ ಮಾತ್ರ ಇತ್ತು.

ಸಂಘದ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಬಡಾವಣೆಯ ಹಿರಿಯರೆಲ್ಲ ಕುರ್ಚಿಗಳ ಮೇಲೆ ಕೂತಿದ್ದರು. ಅವರು ಕತ್ತು ಆಡಿಸಿದ ಕಡೆಗೇ ಸಂಘ ಹೋಗುತ್ತಿತ್ತು. ಆ ಸಾಲಿನ ಕೊನೆಯಲ್ಲಿ ಸಾರಕ್ಕಿಯ ಬೈರಣ್ಣ ಕೂತಿದ್ದರು. ಈ ಬಡಾವಣೆಯ ಅರ್ಧ ಜಾಗ ಒಂದು ಕಾಲಕ್ಕೆ ಅವರಪ್ಪನ ರಾಗಿ ಹೊಲ. ಈಗ ಬೈರಣ್ಣ ಬಾಡಿಗೆ ಮನೆಗಳ ಒಡೆಯ. ಅಧ್ಯಕ್ಷಗಿರಿಗೆ ಅವರೂ ಆಸೆ ಪಟ್ಟಿದ್ದಾರೆಂದು ಶ್ರೀದೇವಿ ಸುದ್ದಿ ಕೊಟ್ಟಿದ್ದರಿಂದ ಚಿದಾನಂದರು ಅವರ ಮೇಲೆ ಒಂದು ಕಣ್ಣಿಟ್ಟಿದ್ದರು.

ಸಂಕಲ್ಪವಾಯಿತು. ಚಿದಾನಂದರು ತಮ್ಮ ಶರೀರವನ್ನೇ ಗಮನಿಸುತ್ತಾ ಕೂತರು. ಕೆಮ್ಮು ಬರಲಿಲ್ಲ. ಕಾಲು ಮುಟ್ಟಿಕೊಂಡರು, ಊದಿರಲಿಲ್ಲ. 'ಪರವಾಗಿಲ್ಲ, ಯಾವುದೋ ಒಳ್ಳೆಯದೇ ನುಂಗಿದ್ದೇನೆ' ಎಂದುಕೊಳ್ಳುವಷ್ಟರಲ್ಲಿ ಶಾಸ್ತ್ರಿಗಳು, "ಅಭಿಷೇಕ. ಉದ್ಧರಣೆಯಿಂದ ನಿಧಾನವಾಗಿ, ಧಾರೆಯಾಗಿ ನೀರು ಬಿಡಿ" ಎಂದರು.

ತಾಮ್ರದ ತಟ್ಟೆಗೆ ನೀರು ಬಿದ್ದ ಸದ್ದಿಗೆ ಒಳಗಿದ್ದ ಮಾತ್ರೆ ಓಗೊಟ್ಟಿತು. ಯಾವ ಮಾತ್ರೆ ಎಂಬ ಅನುಮಾನ ಅಲ್ಲಿಗೆ ಪರಿಹಾರವಾಯಿತು.

ಕಥೆ ಶುರುವಾದ ಮೇಲಂತೂ ಕಷ್ಟ ಹೆಚ್ಚಿತು. ಆ ಕಥೆಯಲ್ಲಿ ನೋಡಿದಲ್ಲೆಲ್ಲ ನೀರು. ವ್ಯಾಪಾರಿ ನದಿ ದಾಟುತ್ತಾನೆ, ದೋಣಿ ತೇಲುತ್ತದೆ, ದೋಣಿ ಮುಳುಗುತ್ತದೆ. ಚಿದಾನಂದರ ಹಣೆಯ ಮೇಲೆ ಬೆವರು ಮೂಡಿತು.

"ಎದ್ದು ಹೋಗಿ ಬನ್ರೀ" ಎಂದು ಚೂಡಾಮಣಿ ಪಿಸುಗುಟ್ಟಿದಳು. "ದೇವರೇನೂ ಅಂದ್ಕೊಳ್ಳಲ್ಲ."

"ದೇವರು ಅಂದ್ಕೊಳ್ಳಲ್ಲ ಕಣೇ. ಮುಂದಿನ ಸಾಲಿನೋರು ಅಂದ್ಕೊಳ್ತಾರೆ."

ಅವರು ಓರೆಗಣ್ಣಿನಿಂದ ಆ ಸಾಲನ್ನು ನೋಡಿದರು. ಹಿರಿಯರೆಲ್ಲ ನೆಟ್ಟಗೆ, ತುಟಿ ಬಿಗಿದು, ಕದಲದೆ ಕೂತಿದ್ದರು. ಎಂಥ ಶ್ರದ್ಧೆ! ತಿಪ್ಪಣ್ಣನ ಕಣ್ಣಲ್ಲಂತೂ ನೀರು ತುಂಬಿತ್ತು. ಇವರ ಮುಂದೆ ಎದ್ದು ಹೋದರೆ ಮುಖ ತೋರಿಸುವುದು ಹೇಗೆಂದು ಚಿದಾನಂದರು ಹಲ್ಲು ಕಚ್ಚಿದರು.

ಮೂರನೆಯ ಅಧ್ಯಾಯ ಮುಗಿದಾಗ ಬೈರಣ್ಣ ಎದ್ದು ನಿಂತರು. "ಸ್ವಾಮೇರಾ, ಒಂದತ್ ನಿಮ್ಸ ಬಿಟ್ಟು ಮುಂದಕ್ಕೆ ಓದಿದ್ರಾಗಲ್ವಾ? ವಯಸ್ಸಾದೋರು ಅವ್ರೆ, ಕಾಲು ಆಡಿಸ್ಕೊಂಡು ಬರ್ಲಿ."

ಶಾಸ್ತ್ರಿಗಳು ಓದುವುದನ್ನು ಥಟ್ಟನೆ ನಿಲ್ಲಿಸಿದರು. "ನನ್ನದೇನೂ ಅಭ್ಯಂತರವಿಲ್ಲ. ಯಜಮಾನರು ಹೂಂ ಅಂದರೆ ಆಯ್ತು. ಏನು ಚಿದಾನಂದರೇ, ಬಿಡೋಣವೇ?" ಎಂದು ಕೇಳಿದ ಅವರ ದನಿಯಲ್ಲಿ ವಿಚಿತ್ರವಾದ ಅಕ್ಕರೆಯಿತ್ತು.

ಇಡೀ ಹಾಲ್ ಚಿದಾನಂದರನ್ನು ನೋಡಿತು. ಅವರ ದೇಹದ ಪ್ರತಿ ಅಂಗವೂ ಹೂಂ ಎಂದಿತು. ಆದರೆ ತಲೆ ಲೆಕ್ಕ ಹಾಕಿತು. ಇದು ಬೈರಣ್ಣನ ಉಪಾಯವೇ ಇರಬೇಕು. ಹೂಂ ಅಂದರೆ ನಾಳೆ ಪಾರ್ಕಿನಲ್ಲಿ, 'ಪೂಜೆಗೇ ಕೂರಲಾಗದವನು ಸಂಘ ಏನು ನಡೆಸುತ್ತಾನೆ' ಎಂದು ಹಬ್ಬಿಸುತ್ತಾನೆ.

"ಬೇಡ" ಎಂದರು ಚಿದಾನಂದರು ಎಲ್ಲರಿಗೂ ಕೇಳುವಂತೆ. "ದೇವರ ಕಾರ್ಯದಲ್ಲಿ ಎಂಥ ಬ್ರೇಕು? ನಡೆಯಲಿ. ಮಧ್ಯೆ ಯಾರೂ ಏಳಬಾರದು ಅಂತ ನನ್ನ ಪ್ರಾರ್ಥನೆ."

ಹಾಲಿನಲ್ಲಿ ಒಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು. ಭಕ್ತಿಯ ಉಸಿರೆಂದೇ ಚಿದಾನಂದರು ತಿಳಿದರು. ಬೈರಣ್ಣ ಮಾತ್ರ, "ನಂಗಾಗಾಕಿಲ್ಲಪ್ಪ" ಎಂದು ದೇವರಿಗೆ ಕೈಮುಗಿದು ಹಿಂದಿನ ಬಾಗಿಲಿನಿಂದ ಹೋದರು, ಹಗುರವಾಗಿ ಮರಳಿ ಬಂದು ಕೂತರು. ಮುಂದಿನ ಸಾಲಿನವರು ಅವರನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಬೈರಣ್ಣನ ಕಥೆ ಮುಗಿಯಿತೆಂದು ಚಿದಾನಂದರಿಗೆ ಆ ಸಂಕಟದಲ್ಲೂ ಒಳಗೊಳಗೇ ಸಂತೋಷವಾಯಿತು.

ಉಳಿದ ಅಧ್ಯಾಯಗಳನ್ನು ಶಾಸ್ತ್ರಿಗಳು ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ಓದಿದರು. ಮಂಗಳಾರತಿ ಆಯಿತು. ಗಂಟೆ ನಿಂತಿತೋ ಇಲ್ಲವೋ, ಮುಂದಿನ ಸಾಲು ಇದ್ದಕ್ಕಿದ್ದಂತೆ ಖಾಲಿಯಾಯಿತು. ಶಾಸ್ತ್ರಿಗಳು, "ಪ್ರಸಾದ ಯಜಮಾನರೇ ಕೈಯಾರೆ ಹಂಚಬೇಕು" ಎಂದು ಪಾತ್ರೆಯನ್ನು ಚಿದಾನಂದರ ಕೈಗೆ ತುರುಕಿ ಎಲ್ಲರಿಗಿಂತ ಮುಂದೆ ಓಡಿದರು.

ಚಿದಾನಂದರು ಹೆಂಗಸರಿಗೆ, ಮಕ್ಕಳಿಗೆ, ಅಡುಗೆಯವರಿಗೆ ಸಪಾದ ಹಂಚಿ, ಪಾತ್ರೆ ಇಳಿಸಿ, ಹಿತ್ತಲಿಗೆ ಓಡಿದವರು ಅಲ್ಲೇ ನಿಂತುಬಿಟ್ಟರು. ಸಂಘಕ್ಕಿದ್ದ ಏಕೈಕ ಟಾಯ್ಲೆಟ್ಟಿನ ಮುಂದೆ ಬಡಾವಣೆಯ ಹಿರಿಯರೆಲ್ಲ ಸಾಲಾಗಿ ನಿಂತಿದ್ದರು. ಸಾಲು ತೆಂಗಿನ ಮರ ಸುತ್ತಿಕೊಂಡು ಹೋಗಿತ್ತು.

"ನೀವೆಲ್ಲ ಇಲ್ಲಿ?" ಎಂದರು ಚಿದಾನಂದರು, ಏನೂ ಅರ್ಥವಾಗದೆ.

"ಇನ್ನೆಲ್ಲಿರ್ಬೇಕಿತ್ತು?" ತಿಪ್ಪಣ್ಣ ಸಿಡಿದರು. "ನೀನೊಬ್ಬನೇ ಏನೋ ಬಿಪಿ ಪೇಷಂಟು? ಸುಶ್ರುತ ಡಾಕ್ಟರು ನೀರಿನ ಮಾತ್ರೆ ಬರ್ಕೊಡ್ದೇ ಇರೋನು ಈ ಏರಿಯಾದಲ್ಲಿ ಯಾವನಿದಾನೆ? ಯಜಮಾನ ಎದ್ರೆ ನಾವೂ ಏಳೋಣ ಅಂತ ಮೊದಲನೇ ಅಧ್ಯಾಯದಿಂದ ನಿನ್ನ ಮುಖಾನೇ ನೋಡ್ತಾ ಕೂತಿದ್ವಿ!"

ಬಾಗಿಲು ತೆರೆದು ಹೊರಬಂದ ಶಾಸ್ತ್ರಿಗಳು ಜನಿವಾರ ಕಿವಿಯಿಂದ ಇಳಿಸಿಕೊಳ್ಳುತ್ತಾ ಹೇಳಿದರು, "ಒಂದು ಹೂಂ ಅಂದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು ಸ್ವಾಮಿ? ನಾನೂ ಮನುಷ್ಯನೇ ತಾನೇ?"

"ಇವರು ಅಧ್ಯಕ್ಷರಾದ್ರೆ ನಮ್ಮನ್ನ ಉಳಿಸಲ್ಲ" ಎಂದು ಸಾಲಿನ ನಡುವಿನಿಂದ ಯಾರೋ ಅಂದರು. "ನಮ್ಮ ಕಷ್ಟ ಕೇಳಿದವರು ಬೈರಣ್ಣ ಒಬ್ರೇ. ಅವರೇ ಆಗ್ಲಿ." ಸಾಲಿನುದ್ದಕ್ಕೂ ತಲೆಗಳು ಆಡಿದವು. ಸಭೆಗೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ.

"ಹಾಗಾದ್ರೆ ಬೈರಣ್ಣನವರ ಹೆಸರು ಯಾರು ಸೂಚಿಸ್ತೀರಿ?" ಎಂದು ತಿಪ್ಪಣ್ಣ ಕೇಳಿದರು. ಅಷ್ಟು ಹೊತ್ತಿಗೆ ಅವರೇ ಸಾಲಿನ ತುದಿ ಮುಟ್ಟಿದ್ದರು, ಒಂದು ಕೈ ಬಾಗಿಲ ಮೇಲಿತ್ತು.

ಚಿದಾನಂದರು ಸಾಲಿನ ಕೊನೆಯಿಂದ ತೆಂಗಿನ ಮರ ಸುತ್ತಿಕೊಂಡು ಓಡಿ ಬಂದರು. ಪಾರ್ಕಿನ ಬೋರ್ಡು ಕಣ್ಣ ಮುಂದೆ ಒಮ್ಮೆ ಬಂತು. ಅದಕ್ಕಿಂತ ಬಹಳ ಹತ್ತಿರದಲ್ಲಿ ಆ ತಗಡಿನ ಬಾಗಿಲಿತ್ತು.

"ನಾನು ಸೂಚಿಸ್ತೀನಿ ಕಣೋ" ಎಂದರು ಅವರು ತಿಪ್ಪಣ್ಣನ ಕೈ ಹಿಡಿದುಕೊಂಡು. "ಈಗಲೇ ಸೂಚಿಸ್ತೀನಿ. ಮೊದಲು ನನ್ನ ಒಳಗೆ ಬಿಡು."

ಚಪ್ಪಾಳೆ ಕೇಳಿಸಿದಾಗ ಅವರು ಚಿಲಕ ಹಾಕಿಕೊಂಡು ಒಳಗಿದ್ದರು. ಹೊರಗೆ ಬಂದಾಗ ಚೂಡಾಮಣಿ ಆರತಿ ತಟ್ಟೆ ಹಿಡಿದು ಆತುರದಿಂದ ಬರುತ್ತಿದ್ದಳು.

"ಚಪ್ಪಾಳೆ ಕೇಳಿಸ್ತು. ಅಧ್ಯಕ್ಷರಾದ್ರಾ?"

"ಇಲ್ಲ ಕಣೇ. ಬೈರಣ್ಣ ಆದ್ರು."

ಚೂಡಾಮಣಿ ಗಂಡನ ಮುಖವನ್ನು ಅನುಮಾನದಿಂದ ನೋಡಿದಳು. "ಮತ್ತೆ ನಿಮ್ಮ ಮುಖದಲ್ಲಿ ಇಷ್ಟು ಶಾಂತಿ ಎಲ್ಲಿಂದ ಬಂತ್ರೀ?"