ಕನ್ನಡಿಯೊಳಗಿನ ಕೊರಟಗೆರೆ ಬೆನ್ನು

ಸಣ್ಣಪುಟ್ಟ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಕಚೇರಿಗೆ ತಡವಾದ ದಿನ "ಬಸ್ ಕೆಟ್ಟೋಗಿತ್ತು ಸಾರ್" ಎಂದು ಶುರುಮಾಡಿ, ಸಾಹೇಬರು ಒಮ್ಮೆ ಕಣ್ಣೆತ್ತಿ ನೋಡಿದ ಕೂಡಲೇ, ಬಸ್ ಸರಿಯಾಗಿಯೇ ಇತ್ತು, ನಾನೇ ಎರಡನೇ ದೋಸೆಗೆ ಕಾದು ಕೂತಿದ್ದೆ ಎಂದು ಒಪ್ಪಿಕೊಂಡು ಬೈಸಿಕೊಂಡವಳು ನಾನು. ಆದರೆ ದೊಡ್ಡ ಸುಳ್ಳು ಎಂದರೆ ನನ್ನ ಕೈ ಬಲು ಧಾರಾಳ. ನಾನು ಹೇಳಿದ ಅತಿ ದೊಡ್ಡ ಸುಳ್ಳಿಗೆ ಗಾಜು ಕೂರಿಸಿ, ಚಿನ್ನದ ಬಣ್ಣದ ಕಟ್ಟು ಹಾಕಿಸಿ, ವೈ.ಎನ್.ಹೊಸಕೋಟೆಯ ನಮ್ಮ ಅತ್ತೆಯ ಮನೆಯ ಗೋಡೆಗೆ ನಾನೇ ಕೈಯಾರೆ ನೇತುಹಾಕಿ ಬಂದೆ. ನಿಮ್ಮ ಹತ್ತಿರವಾದರೂ ಹೇಳಿಕೊಂಡರೆ ಮನಸ್ಸು ಹಗುರಾದೀತು.

ಆ ಗೋಡೆಯ ವಿಷಯ ಮೊದಲು ಹೇಳಬೇಕು. ನಡುಮನೆಯಲ್ಲಿ ಸಾಲಾಗಿ ನಾಲ್ಕು ಫೋಟೋಗಳಿವೆ: ಅತ್ತೆಯದು, ಅತ್ತೆಯ ತಂಗಿಯದು, ನನ್ನ ಇಬ್ಬರು ನಾದಿನಿಯರದು. ನಾಲ್ವರೂ ಏಳೆಂಟು ವರ್ಷದ ಹುಡುಗಿಯರು, ಜರಿ ಲಂಗ ಉಟ್ಟು, ಮೊಗ್ಗಿನ ಜಡೆ ಹಾಕಿಸಿಕೊಂಡು, ದೊಡ್ಡ ಕನ್ನಡಿಗೆ ಬೆನ್ನು ಮಾಡಿ ನಿಂತಿದ್ದಾರೆ. ಮುಖ ನಮ್ಮ ಕಡೆಗೆ, ಜಡೆ ಕನ್ನಡಿಯಲ್ಲಿ. ಅಷ್ಟು ಕಷ್ಟಪಟ್ಟು ಹೊಲಿದ ಜಡೆ ಫೋಟೋದಲ್ಲಿ ಕಾಣದಿದ್ದರೆ ಮೊಗ್ಗು ದಂಡವಲ್ಲವೇ? ನನ್ನ ಮಗಳು ಚಿನ್ಮಯಿ ಹುಟ್ಟಿದ ದಿನವೇ ಅತ್ತೆ ಆ ಸಾಲಿನಲ್ಲಿ ಐದನೆಯ ಮೊಳೆ ಹೊಡೆಸಿಬಿಟ್ಟರು. ಆರು ವರ್ಷ ಆ ಮೊಳೆಗೆ ಕ್ಯಾಲೆಂಡರನ್ನೂ ತೂಗುಹಾಕಲು ಬಿಡಲಿಲ್ಲ. ನಮ್ಮ ಮನೆಯವರು ಒಮ್ಮೆ ಮರೆತು ಅಂಗಿ ಸಿಕ್ಕಿಸಿ, ತಾಯಿಯಿಂದ ಕನ್ನಡ, ತೆಲುಗು ಎರಡು ಭಾಷೆಯಲ್ಲೂ ಉಗಿಸಿಕೊಂಡಿದ್ದರು. "ಮಗಿನ ಕೂದ್ಲು ಸೊಂಟ ಮುಟ್ಲಿ, ಆಮೇಲೆ ನೋಡು" ಎನ್ನುವುದು ಅತ್ತೆಯ ಮಂತ್ರ.

ಕೂದಲು ಸೊಂಟ ಮುಟ್ಟಿತು. ಅದರೊಡನೆ ಹೇನೂ ಮುಟ್ಟಿತು. ಎಣ್ಣೆ ಹಚ್ಚಿದೆ, ಬೇವಿನ ಸೊಪ್ಪು ಅರೆದು ಮೆತ್ತಿದೆ, ಬಾಚಣಿಗೆಯಲ್ಲಿ ಎಳೆದೆ; ನನ್ನ ತಲೆಯೂ ಕೆರೆಯತೊಡಗಿತು. ಒಂದು ಭಾನುವಾರ ಸಿಟ್ಟು ನೆತ್ತಿಗೇರಿ ಕತ್ತರಿ ತಗೊಂಡವಳು ಕರಕರ ಕತ್ತರಿಸಿ ಮಗಳಿಗೆ ಬಾಯ್ ಕಟ್ ಮಾಡಿಯೇಬಿಟ್ಟೆ. ಪೊರಕೆ ಹಿಡಿದು ಕೂದಲು ಗುಡಿಸುವಾಗ ಹೊಸಕೋಟೆಯ ಮೊಳೆ ನೆನಪಾಯಿತು. ನನ್ನ ಬುದ್ಧಿ ಯಾವಾಗಲೂ ಪೊರಕೆಯ ಜೊತೆಗೇ ಬರುವುದು.

ಎರಡೇ ದಿನಕ್ಕೆ ಮಧುಗಿರಿಯ ನಮ್ಮ ಮನೆಗೆ ಅತ್ತೆಯ ಫೋನು. "ಮಲ್ಲಿಗೆ ಮೊಗ್ಗು ಶಾನೆ ಬಂದವೆ ಕಣಮ್ಮ. ಬರೋ ವಾರ ಮಧುಗಿರಿಗೆ ಬತ್ತೀನಿ, ಫೋಟೋ ತೆಗೆಸ್‌ಬುಡಾನ."

ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೇಳಿತು: "ಅಯ್ಯೋ ಅತ್ತೆ, ಹೋದ ವಾರವೇ ಜಡೆ ಹಾಕಿಸಿ ಫೋಟೋ ತೆಗೆಸಿಯೇಬಿಟ್ಟೆ! ಆಮೇಲೆ ಹೇನಾಯ್ತು ಅಂತ ಕೂದಲು ಕತ್ತರಿಸಿದೆ."

"ತೆಗೆಸ್‌ಬುಟ್ಟ್ಯಾ?" ಎಂದರು. "ಸರಿ ಬುಡು." ಖುಷಿಗೆ ಹೆಚ್ಚು ಮಾತು ಹೊರಡಲಿಲ್ಲ ಎಂದುಕೊಂಡೆ.

ನನ್ನ ಕಚೇರಿ ಇರುವುದು ಶಿರಾದಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದ ನಯಾಜ್ ಭಾಯ್ ಮುಂದೆ ಮಗಳನ್ನು ನಿಲ್ಲಿಸಿ, "ಇವಳಿಗೆ ಜಡೆ ಬರಬೇಕು" ಎಂದೆ.

"ಫಿಕರ್ ಮಾಡ್ಬ್ಯಾಡಿ ಮೇಡಂ. ಮೊನ್ನೆ ಒಬ್ರ ಮದ್ವೆ ಆಲ್ಬಮ್‌ಗೆ ಇಡೀ ಸೋದರಮಾವನ್ನೇ ಹಾಕ್‌ಕೊಟ್ಟೀನಿ, ಜಡೆ ಏನು ಮಹಾ!"

ಚಿನ್ಮಯಿಯ ಫೋಟೋ ಹಿಡಿದು ಕಂಪ್ಯೂಟರ್ ಮುಂದೆ ಕೂತರು. ಮೊದಲು ಹಣೆಯ ಮೇಲೆ ಬೈತಲೆ ಬಂತು, ಬೈತಲೆಬೊಟ್ಟು ಬಂತು. ಬಿದ್ದುಹೋಗಿದ್ದ ಎರಡು ಮುಂಹಲ್ಲುಗಳು ನಾನು ಕೇಳದೆಯೇ ಬಂದವು. "ಹಲ್ಲು ನಮ್ ಕಡೆಯಿಂದ" ಎಂದರು. ರಾಗಿ ಬಣ್ಣದ ಮಗು ಗೋಧಿಯಾಯಿತು, ಹಾಲಾಯಿತು, ಟ್ಯೂಬ್‌ಲೈಟ್ ಆಗುವ ಮೊದಲು ಸಾಕು ಎಂದೆ. ಕೊನೆಗೆ ಹಿಂದೆ ಕನ್ನಡಿ ಬಂತು, ಕನ್ನಡಿಯೊಳಗೆ ಮೊಗ್ಗಿನ ಜಡೆ ತೊಟ್ಟ ಬೆನ್ನೊಂದು ಬಂತು. ಮುಂದಿನ ಹುಡುಗಿಯದು ಕೆಂಪು ಲಂಗ, ಕನ್ನಡಿಯವಳದು ಹಸಿರು. ಅದನ್ನೂ ಕೆಂಪು ಮಾಡಿದರು. ಆದರೂ ಕನ್ನಡಿಯವಳು ಒಂದು ಗೇಣು ಎತ್ತರ.

"ಕನ್ನಡೀಲಿ ಹಂಗೇ ಕಾಣ್ತದೆ ಮೇಡಂ" ಎಂದರು ನಯಾಜ್ ಭಾಯ್.

"ಇದು ಯಾರ ಬೆನ್ನು?"

"ಯಾರ್ದೋ ಹಳೇ ಆರ್ಡರ್. ಬೆನ್ನಿಗೇನು ಆಧಾರ್ ಕಾರ್ಡ್ ಅದೆಯಾ, ಗುರ್ತು ಹಿಡಿಯಕ್ಕೆ?"

ನನಗೂ ಸರಿಯೆನಿಸಿತು. ಚಿನ್ಮಯಿ ಮಾತ್ರ ಪರದೆಯಲ್ಲಿದ್ದ ಮುಖವನ್ನೇ ನೋಡಿ, "ಈ ಅಕ್ಕ ಯಾರಮ್ಮ?" ಎಂದಳು. ಒಂದು ಚಾಕೊಲೇಟ್ ಕೊಡಿಸಿ ಬಾಯಿ ಮುಚ್ಚಿಸಿದೆ.

ಹೊಸಕೋಟೆಯಲ್ಲಿ ಫೋಟೋ ಮೊಳೆಗೇರಿತು. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಖುಷಿಯೋ ಸಿಟ್ಟೋ ಹೆಚ್ಚಾದರೆ ಅವರಿಗೆ ತೆಲುಗು ಬರುತ್ತದೆ, ಅಂದು ಬರಲಿಲ್ಲ. "ಜಡೆ ಹೊಲಿದೋರು ಯಾರು?" ಎಂದಷ್ಟೇ ಕೇಳಿದರು. ಯಾರೋ ಮಧುಗಿರಿಯವರು ಎಂದೆ. "ಕೈ ಚೆನ್ನಾಗೈತೆ" ಎಂದು ಒಳಗೆ ಹೋದರು. ಗೆದ್ದೆ ಎಂದುಕೊಂಡೆ.

ಗೆಲುವು ಸರಿಯಾಗಿ ಎರಡು ತಿಂಗಳು ಬಾಳಿತು. ನಾವು ಹೊಸಕೋಟೆಯಲ್ಲಿದ್ದ ಒಂದು ಬೆಳಿಗ್ಗೆ ಕೊರಟಗೆರೆಯಿಂದ ಗಂಗಮ್ಮನವರು ಮಗನ ಮದುವೆ ಕರೆಯಲು ಬಂದರು. ದೂರದ ಸಂಬಂಧ, ಮದುವೆಮನೆಗಳಿಗೆ ಹೂವಿನ ಜಡೆ ಹೊಲಿದುಕೊಡುವ ಹೆಂಗಸು. ಕಾಫಿ ಲೋಟ ಬಾಯಿಗಿಡುತ್ತಾ ಗೋಡೆ ನೋಡಿದವರು ಲೋಟ ಕೆಳಗಿಟ್ಟರು.

"ಇದೇನಕ್ಕಾ, ನನ್ ಮೊಮ್ಮಗ್ಳು ಪಲ್ಲವಿ ಬೆನ್ನು ನಿಮ್ ಗೋಡೆ ಮ್ಯಾಲೈತೆ!"

ಅತ್ತೆ ಎದ್ದು ನಿಂತರು. "ಏನ್ ಮಾತೂಂತ ಆಡ್ತೀಯೆ ಗಂಗಮ್ಮ? ಬೆನ್ನು ನಮ್ದು."

"ಹೆಂಗೆ ನಿಮ್ದಾಯ್ತದೆ? ಆ ಕನಕಾಂಬರದ ನವಿಲು ನೋಡಿ. ಅದ್ರ ಕಣ್ಣಿಗೆ ಮೊಗ್ಗು ಸಾಲ್ದೆ ಮರುಗದೆಲೆ ಸಿಕ್ಕಿಸಿದ್ದೆ. ನಾನು ಹೊಲಿದಿದ್ದು ನಂಗೆ ಗೊತ್ತಾಗಲ್ವಾ? ಶಿರಾದಾಗೆ ಫೋಟೋ ತೆಗೆಸಿದ್ವಿ. ಮುಖ ನಿಮ್ದು, ಇಲ್ಲ ಅನ್ನಕಿಲ್ಲ. ಬೆನ್ನು ಮಾತ್ರ ಕೊರಟಗೆರೇದು!"

ಚಿನ್ಮಯಿ ನಡುವೆ ಬಂದು ನ್ಯಾಯ ಹೇಳಿದಳು: "ಮುಖಾನೂ ನಂದಲ್ಲ ಅಜ್ಜಿ. ನಂಗೆ ಹಲ್ಲೇ ಇರಲಿಲ್ಲ."

ಮುಕ್ಕಾಲು ಗಂಟೆ ವಾದ ನಡೆಯಿತು. ಕೊನೆಗೆ, ಬೆನ್ನಿನವರಿಗೂ ಒಂದು ಪ್ರತಿ ಕೊಡುವುದೆಂದು ರಾಜಿಯಾಯಿತು. ಹೀಗೆ ನನ್ನ ಮಗಳು ಕೊರಟಗೆರೆಯ ಗೋಡೆಯಲ್ಲೂ ಇನ್ಯಾರದೋ ಹಲ್ಲು ಬಿಟ್ಟುಕೊಂಡು ನಿಂತಿದ್ದಾಳೆ.

ಗಂಗಮ್ಮ ಹೋದರು. ನಾನು ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡು ಕೂತೆ. ಅತ್ತೆ ಬೈಯಲಿಲ್ಲ. "ಕೂದ್ಲು ಹೋದ್ರೆ ಬತ್ತಿತ್ತು ಕಣಮ್ಮ. ಹೇಳಿದ್ರೆ ನಾನೇನು ನಿನ್ನ ನುಂಗ್‌ಬುಡ್ತಿದ್ನಾ?" ಎಂದರು. "ಈ ನಾಕು ಜಡೇನಾಗೆ ಮೊದ್ಲಿನ ಎರಡು ನಮ್ಮವ್ವ ಹೊಲಿದಿದ್ದು, ಆಮೇಲಿಂದು ಎರಡು ನಾನು. ನಂಗೆ ಫೋಟೋ ಆಸೆ ಅಂದ್ಕಂಡ್ಯಾ? ಈಗೀಗ ಕೈ ನಡುಗ್ತವೆ. ಕೈ ಓಡೋದು ನಿಲ್ಲೋ ಮೊದ್ಲು ಒಂದ್ ಜಡೆ ಹೊಲಿಯಾನ ಅಂತಿದ್ದೆ."

ಆರು ವರ್ಷ ಆ ಮೊಳೆಯನ್ನು ನೋಡಿದ್ದೆ. ಅದು ಅವರ ಕೈಗಾಗಿ ಕಾದಿದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಚಿನ್ಮಯಿ ಕೂದಲು ಬೆಳೀಲಿ ಅತ್ತೆ" ಎಂದೆ.

"ಯಾಕೆ, ನಿನ್ ತಲೇಲಿ ಕೂದ್ಲಿಲ್ವಾ? ಬಾ ಕೂತ್ಕ."

ಮರುದಿನ ನಸುಕಿನಲ್ಲೇ ಮೊಗ್ಗು ತರಿಸಿ, ಬಾಳೆಪಟ್ಟೆಗೆ ಒಂದೊಂದೇ ಹೊಲಿದು, ನನ್ನ ಅರೆನರೆತ ಜಡೆಗೆ ಕಟ್ಟಲು ಕೂತರು. ಮೂರು ಗಂಟೆ ಹಿಡಿಯಿತು. ನನ್ನ ತಾಯಿಯೂ ಕತ್ತರಿಯ ಪಂಗಡದವಳೇ. ಹುಡುಗಿಯಾಗಿದ್ದಾಗ ನನಗೆ ಯಾರೂ ಜಡೆ ಹೊಲಿದಿರಲಿಲ್ಲ. ನಲವತ್ತೆರಡರ ವಯಸ್ಸಿನಲ್ಲಿ, ನಡುಗುವ ಕೈಗಳು ಕತ್ತಿನ ಹಿಂದೆ ದಾರ ಬಿಗಿಯುತ್ತಿದ್ದಾಗ ನನಗೆ ಅಳು ಬಂತು. "ಅಲ್ಲಾಡ್‌ಬ್ಯಾಡ, ನವಿಲು ಸೊಟ್ಟಗಾಯ್ತದೆ" ಎಂದು ಅತ್ತೆ ತಲೆಗೆ ಮೊಟಕಿದರು.

ಅದೇ ಜಡೆಯಲ್ಲಿ ಫೋಟೋ ತೆಗೆಸಲೆಂದು ಬಸ್ಸು ಹತ್ತಿದೆವು. ಪಾವಗಡದಲ್ಲಿ ಬಸ್ಸು ಬದಲಿಸಿದಾಗ ಕೂತಿದ್ದವರೆಲ್ಲ ಮೊದಲು ನನ್ನ ಬೆನ್ನು ನೋಡಿ ಮದುವೆ ಹೆಣ್ಣೆಂದು ಸೀಟು ಬಿಡಲು ಎದ್ದು, ಆಮೇಲೆ ಮುಖ ನೋಡಿ ಮತ್ತೆ ಕೂತರು. ಶಿರಾದಲ್ಲಿ ನಯಾಜ್ ಭಾಯ್‌ಗೆ ಅತ್ತೆಯೇ ಖಡಾಖಂಡಿತವಾಗಿ ಹೇಳಿದರು: "ನಿಜವಾದ ಕನ್ನಡಿ ಇಡಪ್ಪ. ಜಡೆ ನಾನು ಹೊಲಿದಿದ್ದು. ಒಂದು ಮೊಗ್ಗೂ ನೀನು ಮುಟ್ಟಂಗಿಲ್ಲ."

ಅವರು ಒಳಗಿನಿಂದ ಹಳೆಯ ನಿಲುಗನ್ನಡಿ ಹೊತ್ತು ತಂದು, ಒರೆಸಿ, ನನ್ನನ್ನು ನಿಲ್ಲಿಸಿ ನಾಲ್ಕು ಸಲ ಕ್ಲಿಕ್ಕಿಸಿದರು. ಆಮೇಲೆ ಪರದೆಯ ಮುಂದೆ ಕೂತು ತಲೆದೂಗಿದರು.

"ಬೆನ್ನು ಏಕ್‌ದಂ ಸೂಪರ್ ಅಮ್ಮಾ, ಮುಟ್ಟೋದೇ ಬ್ಯಾಡ" ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದರು: "ಮೇಡಂ, ಮುಖ ಯಾರ್ದು ಹಾಕ್ಲಿ?"