ಬಾಯಿ ಮುಚ್ಚಿಸಿದ ಬ್ಯಾಕ್ಟೀರಿಯಾ

ಚಾಮರಾಜಪೇಟೆಯ ಅಣ್ಣಯ್ಯಪ್ಪನವರಿಗೆ ತಮ್ಮ ಹಲ್ಲುಗಳ ಮೇಲಿದ್ದ ಅಭಿಮಾನ ಅಷ್ಟಿಷ್ಟಲ್ಲ. ತರಗುಪೇಟೆಯ ಅವರ ಸಗಟು ಅಂಗಡಿಗೆ ಬೇಳೆ ಮೂಟೆ ಬಂದರೆ ಒಂದು ಕಾಳು ಕಚ್ಚಿ ನೋಡುತ್ತಿದ್ದರು. ಟಕ್ ಎಂದರೆ ಒಣಗಿದೆ, ಇಳಿಸಿ. ಮೆತ್ತಗಾದರೆ ತೇವ, ವಾಪಸ್. ಮೂವತ್ತೈದು ವರ್ಷ ಈ ದಂತ ನ್ಯಾಯಾಲಯದ ತೀರ್ಪಿಗೆ ಮೇಲ್ಮನವಿಯೇ ಇರಲಿಲ್ಲ. ಬಿ.ಕಾಂ. ಮುಗಿಸಿದ ಮಗಳು ಲಾವಣ್ಯಾ, ತೇವ ಅಳೆಯುವ ಮಿಷನ್ ಇಟ್ಟುಕೊಂಡು ತಾನೂ ಅಂಗಡಿಯಲ್ಲಿ ಕೂರುತ್ತೇನೆಂದು ವರ್ಷದಿಂದ ಗೋಗರೆಯುತ್ತಿದ್ದಳು.

"ಈ ಹಲ್ಲಿರೋವರೆಗೂ ಆ ಡಬ್ಬ ನನ್ನ ಅಂಗಡಿ ಮೆಟ್ಲು ಹತ್ತಲ್ಲ," ಎಂದುಬಿಟ್ಟಿದ್ದರು.

ಅಂಥ ಹಲ್ಲಿನ ಬುಡದಲ್ಲಿ ರಕ್ತ ಕಾಣಿಸಿತು. (ಸಕ್ಕರೆ ಕಾಯಿಲೆಯೂ ಹದ್ದು ಮೀರಿತ್ತು, ಅದನ್ನು ಅವರು ಹಬ್ಬದ ಹೋಳಿಗೆಯ ತಲೆಗೆ ಕಟ್ಟಿದ್ದರು.) ಹೆಂಡತಿ ದ್ರೌಪದಮ್ಮ ದಬಾಯಿಸಿ ಹಲ್ಲಿನ ಡಾಕ್ಟರ್ ಮಧುರಾ ಬಳಿ ಎಳೆದೊಯ್ದರು.

"ಬಾಯಲ್ಲಿ ನೂರಾರು ಥರ ಬ್ಯಾಕ್ಟೀರಿಯಾ ಇರುತ್ತೆ ಸರ್. ಹೆಚ್ಚಿನವು ಒಳ್ಳೇವೇ. ಕೆಟ್ಟವು ವಸಡಲ್ಲಿ ಬೀಡುಬಿಟ್ರೆ ಶುಗರ್ ಹತೋಟಿಗೆ ಬರೋದು ಕಷ್ಟ. ಶುಗರ್ ಜಾಸ್ತಿಯಾದ್ರೆ ವಸಡು ಇನ್ನೂ ಕೆಡುತ್ತೆ. ಕ್ಲೀನ್ ಮಾಡ್ಸಿ," ಎಂದರು ಮಧುರಾ.

"ಕ್ಲೀನ್ ಮಾಡ್ಸೋಕೆ ಇದೇನು ನೀರಿನ ಸಂಪಾ?" ಎನ್ನುತ್ತ ಎದ್ದು ಬಂದ ಅಣ್ಣಯ್ಯಪ್ಪ, ಬ್ಯಾಕ್ಟೀರಿಯಾ ಕುಲದ ಮೇಲೆ ತಾವೇ ಯುದ್ಧ ಸಾರಿದರು. ಬೆಳಿಗ್ಗೆ ಇಪ್ಪತ್ತು ನಿಮಿಷ ಬಾಯಲ್ಲಿ ಎಳ್ಳೆಣ್ಣೆ. ಆಮೇಲೆ ದಿನವಿಡೀ ದವಡೆಯಲ್ಲಿ ಲವಂಗ. ಹತ್ತೊಂಬತ್ತನೇ ನಿಮಿಷಕ್ಕೆ ಉಗುಳಿದರೂ ಶತ್ರುಗಳು ವಾಪಸ್ ಬರುತ್ತಾರೆ, ಮತ್ತೆ ಮೊದಲಿಂದ ಶುರು ಎಂಬ ನಿಯಮವನ್ನೂ ಅವರೇ ಮಾಡಿ ಮನೆಮಂದಿಗೆಲ್ಲ ಹೇಳಿಟ್ಟರು.

ಮದುವೆಯಾದಾಗಿನಿಂದ ದ್ರೌಪದಮ್ಮ ಅಂಥ ನಿಶ್ಶಬ್ದದ ಇಪ್ಪತ್ತು ನಿಮಿಷ ಕಂಡಿರಲಿಲ್ಲ. ಎರಡು ದಿನ ಸುಮ್ಮನೆ ಆ ಸುಖ ಅನುಭವಿಸಿದರು. ಮೂರನೇ ದಿನ ಬುದ್ಧಿ ಓಡಿತು.

"ರೀ, ಹಾಲ್‌ನಲ್ಲಿರೋ ನಿಮ್ಮ ಖಾಲಿ ಗೋಣಿಚೀಲ ಎಲ್ಲಾ ಗುಜರಿಗೆ ಹಾಕ್ತೀನಿ. ಬೇಡ ಅಂದ್ರೆ ಈಗ್ಲೇ ಹೇಳಿ."

ಅಣ್ಣಯ್ಯಪ್ಪ ಎರಡೂ ಕೈ ಬೀಸಿದರು.

"ಎರಡೂ ಕೈಲಿ ಒಪ್ಪಿಗೆ ಕೊಟ್ರು ಕಣೇ," ಎಂದರು ದ್ರೌಪದಮ್ಮ ಮಗಳಿಗೆ.

ಮಾರನೇ ದಿನ ಹದಿನೇಳನೇ ನಿಮಿಷಕ್ಕೆ ಸರಿಯಾಗಿ ಲಾವಣ್ಯಾ ಎದುರು ನಿಂತಳು.

"ಅಪ್ಪಾ, ಮಿಷನ್ ತಗೊಂಡು ಅಂಗಡಿಗೆ ಹೋಗ್ತಿದೀನಿ. ಬೇಡ್ವಾ? ಹೇಳಿ."

ಅಣ್ಣಯ್ಯಪ್ಪನವರ ಕಣ್ಣು ಅಗಲವಾಯಿತು, ಕೆನ್ನೆ ಉಬ್ಬಿತು. ಗೆಲುವಿಗೆ ಮೂರೇ ನಿಮಿಷ ಬಾಕಿ. ಉಗುಳಲು ಮನಸ್ಸು ಬರಲಿಲ್ಲ. ಅವಳ ಸ್ಕೂಟಿ ಹೊರಟೇಹೋಯಿತು.

ದವಡೆಗೆ ಲವಂಗ ಒತ್ತಿಕೊಂಡು, ಏದುಸಿರು ಬಿಡುತ್ತ ಅವರು ತರಗುಪೇಟೆ ತಲುಪಿದಾಗ ದಲ್ಲಾಳಿ ಮುರುಗೇಶನ ಲಾರಿ ಬಂದು ನಿಂತಿತ್ತು.

"ಅಪ್ಪಾ, ತೇವ ಜಾಸ್ತಿ ತೋರಿಸ್ತಿದೆ. ವಾಪಸ್ ಕಳ್ಸೋಣ," ಎಂದಳು ಲಾವಣ್ಯಾ.

"ನೀನು ಆಚೆ ಸರಿ," ಎಂದು ಅವರು ಕಾಳು ಕಚ್ಚಿದರು. ಲವಂಗಕ್ಕೆ ವಸಡೆಲ್ಲ ಮರಗಟ್ಟಿತ್ತು. ಮೆತ್ತಗೋ ಗಟ್ಟಿಯೋ ಒಂದೂ ತಿಳಿಯಲಿಲ್ಲ. ಹಾಗೆಂದು ಹೇಳಿದರೆ ಮಾನ ಉಳಿದೀತೇ? "ಚೆನ್ನಾಗಿ ಒಣಗಿದೆ! ಇಳಿಸಿ!" ಎಂದು ಗರ್ಜಿಸಿದರು.

"ಅಣ್ಣನ ಹಲ್ಲು ಅಂದ್ರೆ ಹಲ್ಲು!" ಎಂದು ಮುರುಗೇಶ ಕೈಮುಗಿದ ರಭಸಕ್ಕೆ ಹಮಾಲಿಗಳೂ ಮುಖ ಮುಖ ನೋಡಿಕೊಂಡರು. ಲಾವಣ್ಯಾ ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದಳು. ಬೇಳೆ ಬೂಷ್ಟು ಹಿಡಿದು ಉಂಡೆಗಟ್ಟಿತ್ತು. ಅಣ್ಣಯ್ಯಪ್ಪನವರ ಮುಖ ಸಣ್ಣಗಾಯಿತು. ನಾಲ್ಕು ಜನರ ಎದುರಿನ ಅವಮಾನಕ್ಕಿಂತ, ಹಲ್ಲು ಕೈಕೊಟ್ಟಿತಲ್ಲ ಎಂಬ ಸಂಕಟವೇ ಅವರಿಗೆ ದೊಡ್ಡದಾಗಿತ್ತು.

ಮರುದಿನ ತಾವಾಗಿಯೇ ಮಧುರಾ ಬಳಿ ಹೋಗಿ, ಕುರ್ಚಿಯಲ್ಲಿ ಒರಗಿ ಬಾಯಿ ತೆರೆದರು. ಕ್ಲೀನಿಂಗ್ ಶುರುವಾಯಿತು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ದ್ರೌಪದಮ್ಮ ಗಂಡನ ಕಡೆ ಬಾಗಿದರು.

"ರೀ, ಇನ್ಮೇಲೆ ಮಾಲು ತಗೊಳ್ಳೋದು ಬಿಡೋದು ಎಲ್ಲಾ ಲಾವಣ್ಯಾನೇ ನೋಡ್ಕೊಳ್ಲಿ, ಏನಂತೀರಿ?"

ಬಾಯೊಳಗೆ ಡಾಕ್ಟರ ಎರಡು ಬೆರಳು, ಒಂದು ಪುಟ್ಟ ಕನ್ನಡಿ, ನೀರೆಳೆಯುವ ಕೊಳವೆ. ಅಣ್ಣಯ್ಯಪ್ಪ "ಆ... ಆ..." ಎಂದರು.

ದ್ರೌಪದಮ್ಮ ಸಮಾಧಾನದಿಂದ ತಲೆಯಾಡಿಸಿ ಡಾಕ್ಟರ ಕಡೆ ತಿರುಗಿದರು. "ಇನ್ನೆಷ್ಟು ಸಲ ಬರ್ಬೇಕಮ್ಮಾ?"

"ಇನ್ನೊಂದ್ಸಲ ಸಾಕು," ಎಂದರು ಮಧುರಾ.

"ನಾಲ್ಕು ಸಲ ಮಾಡಿ ತಾಯಿ. ಇವ್ರನ್ನ ಕೇಳೋದು ಇನ್ನೂ ಬೇಕಾದಷ್ಟಿದೆ."